ಡಬ್ಬಿಯೊಳಗಿನ ಗಾಳಿಗೂ ದುಡ್ಡು: ಮನೆಯಿಂದ ಮಾರುವವರಿಗೆ ಡೆಲಿವರಿ ನಿಯಮ ಯಾಕೆ ಭಾರವಾಗುತ್ತದೆ

ಮೈಸೂರಿನಲ್ಲಿರುವ ನನ್ನ ಅತ್ತಿಗೆ ಚನ್ನಪಟ್ಟಣದಿಂದ ಮರದ ಆಟಿಕೆ ತರಿಸಿ ಆನ್‌ಲೈನಿನಲ್ಲಿ ಮಾರುತ್ತಾರೆ. ಅಂಗಡಿ ಇಲ್ಲ, ಕೆಲಸದವರಿಲ್ಲ. ಊಟದ ಮೇಜಿನ ಮೇಲೆಯೇ ಪ್ಯಾಕಿಂಗ್. ಒಂದು ಸಂಜೆ ಫೋನ್ ಮಾಡಿ, "ಮೂರು ಕೆಜಿ ಅಂತ ಹಾಕಿದ್ದಾರೆ ಕಣೋ. ಮೂರು ಕೆಜಿ ತೂಗೋ ಆಟಿಕೆ ನಮ್ಮನೇಲಿ ಎಲ್ಲಿದೆ?" ಅಂದರು. ಅಡುಗೆಮನೆಯ ತಕ್ಕಡಿಯಲ್ಲಿ ಅವರೇ ತೂಗಿ ಕಳಿಸಿದ ಪೊಟ್ಟಣ ಅದು. ಡಬ್ಬಿ, ಟೇಪು, ಒಳಗಿನ ಕಾಗದ ಎಲ್ಲ ಸೇರಿ 850 ಗ್ರಾಂ ಇತ್ತು. ಆದರೆ ಪೇಮೆಂಟ್ ಬಂದಾಗ ಮೂರು ಕೆಜಿಯ ಡೆಲಿವರಿ ಶುಲ್ಕ ಕಡಿತವಾಗಿತ್ತು.

ಮರುವಾರ ಅವರ ಲೆಕ್ಕದ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆ. ಅರ್ಥವಾಗಲು ಎರಡು ದಿನ ಬೇಕಾಯಿತು. ಮೋಸ ಸಿಗಲಿಲ್ಲ, ಸಿಕ್ಕಿದ್ದು ನಿಯಮ. ಆ ನಿಯಮ ಪುಟಗಟ್ಟಲೆ ಷರತ್ತುಗಳ ನಡುವೆ ಎಲ್ಲೋ ಇತ್ತು, ಅವರು ಒಪ್ಪಿಗೆಯ ಬಟನ್ ಒತ್ತಿಯೂ ಆಗಿತ್ತು. ಇಳಕಲ್ ಸೀರೆ ಇರಲಿ, ಮನೆಯ ಚಟ್ನಿಪುಡಿ ಇರಲಿ, ಕಸೂತಿ ಚೀಲವಿರಲಿ, ಆಪ್‌ಗಳ ಮೂಲಕ ಮಾರುವ ಎಷ್ಟೋ ಮನೆಗಳಲ್ಲಿ ಇದೇ ಗೊಂದಲವಿದೆ. ಅದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ಪೊಟ್ಟಣ ಯಾರ ಕೈಗೆ ಹೋಗುತ್ತದೆ

ಮೊದಲು ವ್ಯವಸ್ಥೆ ನೋಡೋಣ. ದೊಡ್ಡ ಪ್ಲಾಟ್‌ಫಾರ್ಮ್‌ಗಳಲ್ಲಿ ಡೆಲಿವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಸರಕನ್ನು ಮೊದಲೇ ಕಂಪನಿಯ ಗೋದಾಮಿಗೆ ಕಳಿಸಿಟ್ಟರೆ, ಆರ್ಡರ್ ಬಂದಾಗ ಪ್ಯಾಕಿಂಗಿನಿಂದ ಹಿಡಿದು ಎಲ್ಲವನ್ನೂ ಅವರೇ ಮಾಡುತ್ತಾರೆ. ಎರಡನೆಯದರಲ್ಲಿ ಸರಕು ನಮ್ಮ ಮನೆಯಲ್ಲೇ ಇರುತ್ತದೆ, ಪ್ಯಾಕಿಂಗ್ ನಮ್ಮದು, ಆದರೆ ಬಂದು ಒಯ್ಯುವುದು ಕಂಪನಿ ಗೊತ್ತುಮಾಡಿದ ಕೊರಿಯರ್. ಅಮೆಜಾನಿನಲ್ಲಿ ಇದಕ್ಕೆ ಈಸಿ ಶಿಪ್ ಎಂಬ ಹೆಸರಿದೆ. ಮೂರನೆಯದು ನಾವೇ ನಮಗೆ ಬೇಕಾದ ಕೊರಿಯರ್ ಹಿಡಿದು ಕಳಿಸುವುದು. ಈ ಮೂರನೆಯ ದಾರಿ ಎಲ್ಲ ಕಡೆ ಇಲ್ಲ. ಇರುವ ಕಡೆಯೂ, ಬೇಗ ತಲುಪುತ್ತದೆ ಎಂಬ ಗುರುತು ಅಂಥ ಸರಕಿಗೆ ಸಿಗುವುದು ಕಷ್ಟ. ಗುರುತಿಲ್ಲದ ಸರಕು ಹುಡುಕಾಟದಲ್ಲಿ ಕೆಳಗೆ ಜಾರುತ್ತದೆ. ಹೀಗಾಗಿ ಮನೆಯಿಂದ ಮಾರುವ ಬಹುತೇಕರು ಎರಡನೆಯ ದಾರಿಗೇ ಬಂದು ನಿಲ್ಲುತ್ತಾರೆ.

ಇದರ ಹಿಂದೆ ಒಂದು ಇತಿಹಾಸವಿದೆ, ಅದು ಬೆಂಗಳೂರಿನದೇ. 2007ರಲ್ಲಿ ಇಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ಕಾರ್ಡ್ ಇಲ್ಲದವರೂ, ಆನ್‌ಲೈನಿನಲ್ಲಿ ಹಣ ಕಟ್ಟಲು ಹೆದರುವವರೂ ಕೊಳ್ಳಲು ಶುರುಮಾಡಿದ್ದು ಆಮೇಲೆ. ಮನೆಬಾಗಿಲಲ್ಲಿ ನಗದು ಎಣಿಸಿಕೊಂಡು ಸುರಕ್ಷಿತವಾಗಿ ವಾಪಸ್ ತರುವ ಕೆಲಸಕ್ಕೆ ತನ್ನದೇ ಪಡೆ ಬೇಕಾಯಿತು, ಅದರ ಸಾಗಣೆ ವಿಭಾಗ ಈಕಾರ್ಟ್ ಬೆಳೆಯಿತು. ಅಮೆಜಾನ್ ತನ್ನದೇ ಸಾಗಣೆ ಜಾಲ ಕಟ್ಟಿಕೊಂಡಿತು. ಹೊರಗಿನ ಕೊರಿಯರ್‌ಗಳನ್ನೇ ನೆಚ್ಚಿಕೊಂಡಿದ್ದ ಮೀಶೋ ಕೂಡ ವಾಲ್ಮೋ ಎಂಬ ತನ್ನ ವ್ಯವಸ್ಥೆ ಮಾಡಿಕೊಂಡಿದೆ. ಮಾರಾಟದ ಜಾಗ ಮತ್ತು ಸಾಗಣೆಯ ಗಾಡಿ ಎರಡೂ ಒಂದೇ ಮನೆಯವರದಾದದ್ದು ಹೀಗೆ.

ಕಂಪನಿಗಳ ಕಡೆಗೂ ನ್ಯಾಯವಿದೆ, ಅದನ್ನು ಹೇಳದೆ ಮುಂದೆ ಹೋಗಬಾರದು. ಮಾರುವವರೆಲ್ಲ ತಮಗೆ ತೋಚಿದ ಕೊರಿಯರ್‌ನಲ್ಲಿ ಕಳಿಸಿದರೆ ಪೊಟ್ಟಣ ಎಲ್ಲಿದೆ ಎಂದು ಗ್ರಾಹಕರಿಗೆ ತೋರಿಸುವುದು ಕಷ್ಟ. ಖಾಲಿ ಡಬ್ಬಿ ಕಳಿಸುವ, ಸುಳ್ಳು ಟ್ರ್ಯಾಕಿಂಗ್ ನಂಬರ್ ಕೊಡುವ ಮೋಸಗಾರರನ್ನು ಹಿಡಿಯುವುದೂ ಕಷ್ಟ. ಜೊತೆಗೆ, ಲಕ್ಷಗಟ್ಟಲೆ ಪೊಟ್ಟಣಗಳನ್ನು ಒಟ್ಟಿಗೆ ಕಳಿಸುವ ಕಂಪನಿಗೆ ಸಿಗುವ ದರ ನನ್ನ ಅತ್ತಿಗೆಗೆ ಗಲ್ಲಿಯ ಕೊರಿಯರ್ ಅಂಗಡಿಯಲ್ಲಿ ಸಿಗುವುದಿಲ್ಲ. ಅವರ ಡಬ್ಬಿ ಗುವಾಹಟಿಗೂ ಲೇಹ್‌ಗೂ ಹೋಗಿದೆ ಎಂದರೆ ಅದು ಈ ಜಾಲದಿಂದಲೇ.

ನನ್ನ ತಕರಾರು ಬೇರೆ ಇದೆ. ಡೆಲಿವರಿಯ ತೀರ್ಮಾನಗಳು ಒಬ್ಬರ ಕೈಯಲ್ಲಿವೆ, ಡೆಲಿವರಿ ಕೆಟ್ಟರೆ ಪ್ಲಾಟ್‌ಫಾರ್ಮ್ ಅಂಕ ಕಳೆಯುವುದು ಇನ್ನೊಬ್ಬರಿಗೆ, ಅಂದರೆ ಮಾರುವವರಿಗೆ. ಕೆಳಗೆ ಹೇಳುವ ತೊಂದರೆಗಳೆಲ್ಲ ಇದೊಂದರಿಂದಲೇ ಹುಟ್ಟುತ್ತವೆ.

ಮೂರು ಕೆಜಿ ಎಲ್ಲಿಂದ ಬಂತು

ಲಾರಿಯಲ್ಲಾಗಲಿ ವಿಮಾನದಲ್ಲಾಗಲಿ ತೂಕಕ್ಕಿಂತ ಮೊದಲು ತುಂಬಿಹೋಗುವುದು ಜಾಗ. ಹತ್ತಿಯ ಮೂಟೆ ಹೇರಿದ ಗಾಡಿ ನೆನಪಿಸಿಕೊಳ್ಳಿ, ಎತ್ತಿಗೆ ಭಾರವಿಲ್ಲದಿದ್ದರೂ ಮೇಲೆ ಇನ್ನೊಂದು ಮೂಟೆಗೆ ಜಾಗವಿರುವುದಿಲ್ಲ. ಅದಕ್ಕೇ ಕೊರಿಯರ್‌ನವರು ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಜಾಗದ ತೂಕ, ಅವರ ಮಾತಿನಲ್ಲಿ ವಾಲ್ಯೂಮೆಟ್ರಿಕ್ ತೂಕ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವ ಕೆಜಿಯೇ ಅದು. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಅತ್ತಿಗೆಯ ಡಬ್ಬಿ 30 ಸೆಂ.ಮೀ. ಉದ್ದ, 25 ಅಗಲ, 20 ಎತ್ತರ ಇತ್ತು. ಗುಣಿಸಿದರೆ 15,000. ಭಾಗಿಸಿದರೆ ಸರಿಯಾಗಿ 3. ಆಟಿಕೆ ಒಡೆಯಬಾರದು ಎಂದು ಮನೆಯಲ್ಲಿದ್ದ ದೊಡ್ಡ ರಟ್ಟಿನ ಡಬ್ಬಿಗೆ ಹಳೇ ಪತ್ರಿಕೆ ತುರುಕಿ ಕಳಿಸಿದ್ದರು. ಎರಡು ಕೆಜಿಗೂ ಹೆಚ್ಚು ಗಾಳಿಗೆ ಶುಲ್ಕ ಕಟ್ಟಿದಂತಾಯಿತು.

ಹಾಗಾದರೆ ಚಿಕ್ಕ ಡಬ್ಬಿ ತಂದರೆ ಮುಗಿಯಿತಲ್ಲ ಎಂದು ನಾನೂ ಅಂದುಕೊಂಡೆ. ತಂದೆವು. 24, 18, 12ರ ಡಬ್ಬಿ. ಗುಣಿಸಿದರೆ 5,184, ಅಂದರೆ 1.04 ಕೆಜಿ. ಶುಲ್ಕವನ್ನು ಗ್ರಾಂ ಲೆಕ್ಕದಲ್ಲಿ ಹಾಕುವುದಿಲ್ಲ, ಸ್ಲ್ಯಾಬ್ ಲೆಕ್ಕದಲ್ಲಿ, ಅಂದರೆ ಹಂತಹಂತವಾಗಿ ಹಾಕುತ್ತಾರೆ. ಅರ್ಧ ಕೆಜಿಯ ಸ್ಲ್ಯಾಬ್ ಇರುವ ಕಡೆ 1.04 ಕೆಜಿ ಎಂದರೆ ಒಂದೂವರೆ ಕೆಜಿಯ ದರ. ಎತ್ತರವನ್ನು 12ರಿಂದ 11ಕ್ಕೆ ಇಳಿಸಿದರೆ 4,752, ಅಂದರೆ 0.95 ಕೆಜಿ. ಆಗ ಒಂದು ಕೆಜಿಯ ದರ. ಒಂದೇ ಒಂದು ಸೆಂಟಿಮೀಟರ್ ಇಡೀ ಸ್ಲ್ಯಾಬನ್ನು ಬದಲಿಸುತ್ತದೆ.

ಇಲ್ಲಿಂದ ಮುಂದೆ ಮಾರುವವರ ಅಳತೆ ಕೆಲಸಕ್ಕೆ ಬರುವುದಿಲ್ಲ. ಪೊಟ್ಟಣ ಕೊರಿಯರ್‌ನವರ ವಿಂಗಡಣೆ ಕೇಂದ್ರಕ್ಕೆ, ಅಂದರೆ ಹಬ್‌ಗೆ ಹೋದ ಮೇಲೆ ಅಲ್ಲಿ ಯಂತ್ರ ಅದನ್ನು ಅಳೆಯುತ್ತದೆ. ಬಬಲ್ ರ‍್ಯಾಪ್ ಒತ್ತಡಕ್ಕೆ ಡಬ್ಬಿಯ ಬದಿಗಳು ಉಬ್ಬಿರಬಹುದು, ಮೇಲೆ ಬೇರೆ ಪೊಟ್ಟಣ ಬಿದ್ದು ಆಕಾರ ಕೆಟ್ಟಿರಬಹುದು, ಡಬ್ಬಿಯ ಹೊರಗೆ ಚೀಲ ಹಾಕಿದ್ದರೆ ಅದರ ಮೂಲೆ ಎದ್ದು ನಿಂತಿರಬಹುದು. 11ರ ಎತ್ತರದ ಆ ಡಬ್ಬಿಗೆ ಒಂದೊಂದು ಬದಿಗೆ ಒಂದೊಂದು ಸೆಂಟಿಮೀಟರ್ ಹೆಚ್ಚಾದರೆ 25, 19, 12. ಗುಣಿಸಿದರೆ 5,700, ಅಂದರೆ 1.14 ಕೆಜಿ. ಮತ್ತೆ ಒಂದೂವರೆ ಕೆಜಿಯ ಸ್ಲ್ಯಾಬ್. ಮನೆಯಲ್ಲಿ ಅಳೆದದ್ದು ಸರಿ, ಹಬ್‌ನಲ್ಲಿ ಅಳೆದದ್ದೂ ಸರಿ, ನಡುವೆ ಡಬ್ಬಿ ಬದಲಾಗಿದೆ. ಮಾರುವವರ ಗುಂಪುಗಳಲ್ಲಿ ಹೆಚ್ಚು ಕೇಳಿಬರುವ ದೂರುಗಳಲ್ಲಿ ಈ ತೂಕದ ವ್ಯತ್ಯಾಸವೂ ಒಂದು.

ಆಕ್ಷೇಪ ಎತ್ತಲು ದಾರಿ ಇದೆ, ಟಿಕೆಟ್ ಹಾಕಬೇಕು, ಅಂದರೆ ಆನ್‌ಲೈನಿನಲ್ಲಿ ದೂರು ದಾಖಲಿಸಬೇಕು. ಅದಕ್ಕೆ ಕೆಲವೇ ದಿನಗಳ ಗಡುವಿರುತ್ತದೆ. ಗಡುವಿನೊಳಗೆ, ಲೇಬಲ್ ಕಾಣುವಂತೆ ಡಬ್ಬಿಯ ಮೂರೂ ಬದಿಗೆ ಟೇಪ್ ಹಿಡಿದ ಫೋಟೋ, ತಕ್ಕಡಿಯ ಮೇಲಿಟ್ಟ ಫೋಟೋ ಕೊಟ್ಟರೆ ಕೆಲವೊಮ್ಮೆ ಹಣ ವಾಪಸ್ ಬರುತ್ತದೆ. ಕಳಿಸುವಾಗಲೇ ತೆಗೆಯದಿದ್ದರೆ ಆ ಫೋಟೋ ಮತ್ತೆ ಸಿಗುವುದಿಲ್ಲ. ದಿನಕ್ಕೆ ಮೂರು ಆರ್ಡರ್ ಕಳಿಸುವ ಗೃಹಿಣಿ ಪ್ರತಿ ಡಬ್ಬಿಗೂ ಈ ಸಾಕ್ಷ್ಯ ಸಂಗ್ರಹಿಸಿಡಬೇಕು. ಯಂತ್ರ ತೆಗೆದ ಚಿತ್ರವನ್ನಾಗಲಿ ಅಳತೆಯನ್ನಾಗಲಿ ಕಡಿತದ ಜೊತೆಗೇ ತೋರಿಸಬೇಕೆಂಬ ಕಟ್ಟುಪಾಡು ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

ನೂರಕ್ಕೆ ನಾಲ್ಕು, ಇಪ್ಪತ್ತಕ್ಕೆ ಒಂದು

ತೂಕಕ್ಕೆ ಹೋಗುವುದು ಹಣ. ಗಡಿಯಾರಕ್ಕೆ ಹೋಗುವುದು ಹೆಸರು. ಆರ್ಡರ್ ಬಂದ ಇಷ್ಟು ಗಂಟೆಯೊಳಗೆ ಪ್ಯಾಕ್ ಮಾಡಿ ಕೊರಿಯರ್‌ಗೆ ಒಪ್ಪಿಸಬೇಕು ಎಂಬ ಗಡುವು ಎಲ್ಲ ಪ್ಲಾಟ್‌ಫಾರ್ಮ್‌ಗಳಲ್ಲೂ ಇದೆ. ಉದಾಹರಣೆಗೆ, ತಡವಾಗಿ ಕಳಿಸಿದ ಆರ್ಡರ್‌ಗಳ ಪ್ರಮಾಣ ಶೇ. 4ಕ್ಕಿಂತ ಕಡಿಮೆ ಇರಬೇಕು, ಕಳಿಸುವ ಮುಂಚೆ ಮಾರುವವರೇ ರದ್ದು ಮಾಡಿದ್ದು ಶೇ. 2.5ಕ್ಕಿಂತ ಕಡಿಮೆ ಇರಬೇಕು ಎಂದು ಅಮೆಜಾನ್ ಕೇಳುತ್ತದೆ. ಕೇಳಲು ಉದಾರವಾಗಿಯೇ ಇದೆ.

ಸಾವಿರ ಆರ್ಡರ್ ಕಳಿಸುವ ದೊಡ್ಡ ವ್ಯಾಪಾರಿಗೆ ಶೇ. 4 ಎಂದರೆ ಸುಮಾರು ನಲವತ್ತು ತಪ್ಪುಗಳ ಅವಕಾಶ. ಅದೇ ಅವಧಿಯಲ್ಲಿ ಇಪ್ಪತ್ತು ಆರ್ಡರ್ ಕಳಿಸುವವರಿಗೆ ಒಂದೇ ಒಂದು ತಡವಾದರೂ ಶೇ. 5 ಆಗುತ್ತದೆ, ಗೆರೆ ದಾಟಿದಂತೆ. ಒಂದೇ ಅಳತೆಗೋಲು ಎಲ್ಲರಿಗೂ ಸಮಾನ ಎಂದು ಕಂಡರೂ ಚಿಕ್ಕವರಿಗೆ ಒಂದು ತಪ್ಪಿನ ಅವಕಾಶವೂ ಉಳಿಯುವುದಿಲ್ಲ. ಮಗುವಿಗೆ ಜ್ವರ ಬಂದ ದಿನ, ಊರ ಜಾತ್ರೆಯ ದಿನ, ಇಡೀ ದಿನ ಕರೆಂಟ್ ಹೋಗಿ ಪ್ರಿಂಟರ್ ನಡೆಯದ ದಿನ, ಯಾವತ್ತೂ ತಡವಾಗುವಂತಿಲ್ಲ. ರಜೆ ಗುರುತು ಹಾಕಿಕೊಳ್ಳುವ ಸೌಲಭ್ಯವಿದೆ, ಅದನ್ನು ಬಳಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಜ್ವರ ಮೊದಲೇ ಹೇಳಿ ಬರುವುದಿಲ್ಲವಲ್ಲ.

ಇನ್ನೊಂದು ಸಮಸ್ಯೆ ಪಿಕಪ್. ಡಬ್ಬಿ ಬಾಗಿಲಲ್ಲಿ ಸಿದ್ಧವಿರುತ್ತದೆ, ಒಯ್ಯುವ ಹುಡುಗ ಬರುವುದಿಲ್ಲ. ನವರಾತ್ರಿಗೆ ಮುಂಚಿನ ಮಹಾ ಸೇಲ್‌ಗಳಲ್ಲಂತೂ ಇದು ಹೆಚ್ಚು. ಬೊಂಬೆ ಕೂರಿಸುವವರು ಅತ್ತಿಗೆಯ ಬಳಿ ಹೆಚ್ಚು ಕೊಳ್ಳುವುದೂ ಆಗಲೇ. ಒಮ್ಮೆ ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಡ್ಯಾಶ್‌ಬೋರ್ಡಿನಲ್ಲಿ 'ಪಿಕಪ್‌ಗೆ ಬಂದಾಗ ಸರಕು ಸಿದ್ಧವಿರಲಿಲ್ಲ' ಎಂದಿತ್ತು. ಆ ಹುಡುಗನನ್ನು ನಾನು ದೂರಲಾರೆ. ಒಂದು ಬೈಕು, ಬೆನ್ನಿಗೊಂದು ದೊಡ್ಡ ಚೀಲ, ಮುಗಿಸಲಾಗದಷ್ಟು ವಿಳಾಸಗಳು. ಎಲ್ಲೋ ಒಂದು ಬಟನ್ ಒತ್ತದೆ ಅವನ ಪಟ್ಟಿ ಮುಂದೆ ಸರಿಯುವುದಿಲ್ಲ. ಆದರೆ ಆ ಬಟನ್ನಿನ ಫಲ ಬೀಳುವುದು ಅತ್ತಿಗೆಯ ಅಂಕಪಟ್ಟಿಯ ಮೇಲೆ. ಅವರ ಬಳಿ ಕೊರಿಯರ್ ಬದಲಿಸುವ ಅಧಿಕಾರವಿಲ್ಲ, ಕೊಂಡವರಿಗೆ ಫೋನ್ ಮಾಡಿ 'ಒಂದು ದಿನ ತಡವಾಗುತ್ತೆ ಕಣಮ್ಮ' ಎನ್ನಲು ನಂಬರೂ ಇರುವುದಿಲ್ಲ.

ವಾಪಸ್ ಬಂದ ಡಬ್ಬಿ

ಇದರ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆಯಾದರೂ ಬರೆದು ನೋಡಬೇಕು. ಅಂಕಿಗಳು ಉದಾಹರಣೆಗೆ ಮಾತ್ರ. ಆಟಿಕೆಯ ಬೆಲೆ ₹450. ಅದರಲ್ಲಿ ತಯಾರಕರಿಗೆ ಕೊಟ್ಟದ್ದು ₹270, ಪ್ಯಾಕಿಂಗ್ ₹20, ಡೆಲಿವರಿ ₹75, ಕಮಿಷನ್ ಮತ್ತಿತರ ಶುಲ್ಕ ₹40. ಕೈಯಲ್ಲಿ ಉಳಿಯುವುದು ₹45. ಈಗ ಕೊಂಡವರು ಬಣ್ಣ ಇಷ್ಟವಾಗಲಿಲ್ಲ ಎಂದು ವಾಪಸ್ ಕಳಿಸಿದರು ಎಂದುಕೊಳ್ಳಿ. ಹೋಗುವಾಗಿನ ₹75 ಮತ್ತೆ ಸಿಗದಿದ್ದರೆ, ಬರುವಾಗಿನ ₹85 ಕೂಡ ನಮ್ಮ ತಲೆಗೇ ಬಂದರೆ, ಪ್ಯಾಕಿಂಗ್ ಸೇರಿ ನಷ್ಟ ₹180. ನಾಲ್ಕು ಒಳ್ಳೆಯ ಮಾರಾಟದ ಲಾಭ ಒಂದು ವಾಪಸಾತಿಯಲ್ಲಿ ಹೋಯಿತು.

ವಾಪಸಾತಿಯಲ್ಲಿ ಎರಡು ಬಗೆ ಇವೆ, ಮಾರುವವರು ಇವನ್ನು ಬೇರೆಬೇರೆಯಾಗಿ ನೋಡಬೇಕು. ಕೊಂಡವರ ಕೈಗೆ ತಲುಪದೆಯೇ ತಿರುಗಿ ಬಂದರೆ ಅದು ಆರ್‌ಟಿಓ (ರಿಟರ್ನ್ ಟು ಒರಿಜಿನ್). ಮನೆಗೆ ಬೀಗ, ಫೋನ್ ಎತ್ತಲಿಲ್ಲ, ನಗದು ಸಿದ್ಧವಿಲ್ಲ, ಮನಸ್ಸು ಬದಲಾಯಿತು, ಇಂಥ ಕಾರಣಗಳು. ಕ್ಯಾಶ್ ಆನ್ ಡೆಲಿವರಿಯಲ್ಲಿ ಇದು ಹೆಚ್ಚು, ಮುಂಗಡ ಹಣ ಕಟ್ಟಿಲ್ಲದವರಿಗೆ ಬೇಡವೆನ್ನಲು ಏನೂ ಖರ್ಚಿಲ್ಲ. ಕೈಗೆ ತಲುಪಿ, ತೆರೆದು ನೋಡಿ, ಆಮೇಲೆ ವಾಪಸ್ ಬಂದರೆ ಅದು ಗ್ರಾಹಕರ ರಿಟರ್ನ್. ಯಾವ ಬಗೆಗೆ ಯಾರು ಎಷ್ಟು ತೆರಬೇಕು ಎಂಬುದು ಒಂದೊಂದು ಪ್ಲಾಟ್‌ಫಾರ್ಮಿನಲ್ಲಿ ಒಂದೊಂದು ಥರ. ಸೇರುವ ಮುಂಚೆ ಷರತ್ತುಗಳಲ್ಲಿ ಉಳಿದದ್ದು ಓದದಿದ್ದರೂ ಈ ಎರಡು ಸಾಲು ಹುಡುಕಿ ಓದಿ ಎಂದು ಬೇಡಿಕೊಳ್ಳುತ್ತೇನೆ.

ಮನಸ್ಸಿಗೆ ಹೆಚ್ಚು ನೋವು ಕೊಡುವುದು ಬದಲಾಗಿ ಬಂದ ಡಬ್ಬಿ. ಹೊಸ ಆಟಿಕೆ ಕಳಿಸಿದ್ದಕ್ಕೆ ಮುರಿದ ಪ್ಲಾಸ್ಟಿಕ್ ಬೊಂಬೆ ಬಂದಿತ್ತು ಒಮ್ಮೆ. ಅದು ಕೊಂಡವರ ಮನೆಯಲ್ಲಿ ಬದಲಾಯಿತೋ ದಾರಿಯಲ್ಲಿ ಬದಲಾಯಿತೋ ತಿಳಿಯುವ ಬಗೆ ನಮಗಿಲ್ಲ. ಇಂಥದ್ದಕ್ಕೆ ಅಮೆಜಾನಿನಲ್ಲಿ ಪರಿಹಾರ ಕೇಳುವ ಸೇಫ್-ಟಿ ಕ್ಲೇಮ್ ಇದೆ, ಫ್ಲಿಪ್‌ಕಾರ್ಟಿನಲ್ಲಿ ಮಾರುವವರ ರಕ್ಷಣಾ ನಿಧಿ ಇದೆ. ಹಣ ಸಿಗಬೇಕಾದರೆ ಸಾಕ್ಷ್ಯ ಬೇಕು. ಲೇಬಲ್ ಕಾಣುವಂತೆ, ಮಧ್ಯೆ ಎಲ್ಲೂ ನಿಲ್ಲಿಸದೆ, ಮುಚ್ಚಿದ ಡಬ್ಬಿ ತೆರೆಯುವ ವಿಡಿಯೋ ಒಳ್ಳೆಯ ಸಾಕ್ಷ್ಯ. ಈಗ ನಮ್ಮ ಮನೆಯಲ್ಲಿ ವಾಪಸ್ ಬಂದ ಯಾವ ಡಬ್ಬಿಯನ್ನೂ ಅತ್ತಿಗೆ ಒಬ್ಬರೇ ತೆರೆಯುವುದಿಲ್ಲ. ಅಣ್ಣನೋ ಮಗಳೋ ಫೋನ್ ಹಿಡಿದು ನಿಲ್ಲಬೇಕು.

ತೆರಿಗೆಯ ಒಂದು ಎಳೆಯೂ ಇಲ್ಲಿ ಸೇರಿಕೊಳ್ಳುತ್ತದೆ. ವಾರ್ಷಿಕ ವಹಿವಾಟು ಜಿಎಸ್‌ಟಿ ಮಿತಿಯೊಳಗಿರುವವರು ನೋಂದಣಿ ಇಲ್ಲದೆಯೂ ಪ್ಲಾಟ್‌ಫಾರ್ಮ್‌ಗಳ ಮೂಲಕ ತಮ್ಮ ರಾಜ್ಯದೊಳಗೆ ಸರಕು ಮಾರಬಹುದು ಎಂಬ ಸಡಿಲಿಕೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮನೆಯಿಂದ ಮಾರುವವರಿಗೆ ಅದು ದೊಡ್ಡ ಬಾಗಿಲು. ಆದರೆ ಡೆಲಿವರಿ ಮತ್ತು ಕಮಿಷನ್ ಮೇಲೆ ಕಟ್ಟುವ ಶೇ. 18 ಜಿಎಸ್‌ಟಿಯನ್ನು ನೋಂದಾಯಿತ ವ್ಯಾಪಾರಿ ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ನೋಂದಣಿ ಇಲ್ಲದವರಿಗೆ ಅದು ಪೂರ್ತಿ ಖರ್ಚು. ₹75ರ ಶುಲ್ಕ ಅವರಿಗೆ ನಿಜದಲ್ಲಿ ₹88.50.

ಬೇರೆ ದೇಶಗಳಲ್ಲಿ, ನಮ್ಮ ಕಾನೂನಿನಲ್ಲಿ

ಇದು ನಮ್ಮಲ್ಲಷ್ಟೇ ಇರುವ ಆತಂಕವಲ್ಲ. ಬ್ರಿಟನ್ನಿನಲ್ಲಿ ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ವ್ಯಾಪಾರಿಗಳಲ್ಲದ ಸಾಮಾನ್ಯ ಜನ ಮನೆಯ ಹಳೇ ಸಾಮಾನು ಮಾರುತ್ತಾರೆ. 2024ರ ಅಕ್ಟೋಬರಿನಲ್ಲಿ ಇಬೇ ಅವರ ಮಾರಾಟ ಶುಲ್ಕ ತೆಗೆದುಹಾಕಿತು. ಮರುವರ್ಷ ಕೊಳ್ಳುವವರ ಮೇಲೆ ರಕ್ಷಣಾ ಶುಲ್ಕ ಬಂತು, ಹಂತಹಂತವಾಗಿ ಸಿಂಪಲ್ ಡೆಲಿವರಿ ಎಂಬ ವ್ಯವಸ್ಥೆಯೂ ಬಂತು. ಲೇಬಲ್ ಇಬೇಯದು, ಕೊರಿಯರ್ ಇಬೇ ಒಪ್ಪಿದವರದು, ಡೆಲಿವರಿ ದರವೂ ಅದೇ ಗೊತ್ತುಮಾಡಿದ್ದು. ದಾರಿಯಲ್ಲಿ ಕಳೆದರೆ ಹೊಣೆ ಮಾರಿದವರ ಮೇಲಿಲ್ಲ ಎಂಬುದು ಅದರ ನಿಜವಾದ ಅನುಕೂಲ. ಆದರೆ ವರ್ಷಗಳಿಂದ ಪಕ್ಕದ ಅಂಚೆ ಕಚೇರಿಯಿಂದ ತಮ್ಮ ಪಾಡಿಗೆ ಕಳಿಸುತ್ತಿದ್ದವರಿಗೆ ಆಯ್ಕೆ ಕೈತಪ್ಪಿತು. ಪೊಟ್ಟಣದ ಗಾತ್ರ ತಪ್ಪಾಗಿ ನಮೂದಿಸಿದರೆ ಹೆಚ್ಚಿನ ಶುಲ್ಕದ ಭಯ, ತಲುಪುವವರೆಗೆ ಹಣಕ್ಕೆ ಕಾಯುವ ಕಷ್ಟ ಅಲ್ಲೂ ಇವೆ.

ಇಟಲಿಯಲ್ಲಿ ಪ್ರಶ್ನೆ ಇನ್ನೂ ನೇರವಾಗಿ ಎದ್ದಿತು. ಅಮೆಜಾನ್ ತನ್ನದೇ ಗೋದಾಮು ಮತ್ತು ಸಾಗಣೆ ಬಳಸಿದವರಿಗೆ, ಬೇಗ ತಲುಪುತ್ತದೆ ಎನ್ನುವ ಪ್ರೈಮ್ ಗುರುತಿನಂಥ ಸೌಲಭ್ಯ ಕೊಟ್ಟು ಉಳಿದವರನ್ನು ಹಿಂದೆ ತಳ್ಳಿದೆ ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ಅಮೆಜಾನಿಗೆ ಸುಮಾರು 113 ಕೋಟಿ ಯೂರೋ ದಂಡ ಹಾಕಿತು. ಕಂಪನಿ ಅದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋಯಿತು, ಮೊತ್ತ ಆಮೇಲೆ ಇಳಿಯಿತು. ಡೆಲಿವರಿಯ ಆಯ್ಕೆಯನ್ನು ಗ್ರಾಹಕರ ಕಣ್ಣಿಗೆ ಬೀಳುವ ಅವಕಾಶಕ್ಕೆ ಕಟ್ಟಿಹಾಕುವುದು ಸ್ಪರ್ಧೆಯ ಪ್ರಶ್ನೆ ಎಂದು ಒಂದು ಸರ್ಕಾರಿ ಸಂಸ್ಥೆ ಹೇಳಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮಲ್ಲಿ 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಮುಖ್ಯ ಕಾಳಜಿ ಕೊಳ್ಳುವವರು. ಮಾರುವವರಿಗೆ ಉಪಯೋಗವಾಗುವ ಸಾಲು ಅಲ್ಲೂ ಒಂದಿದೆ. ಒಂದೇ ವರ್ಗದ ಮಾರಾಟಗಾರರ ನಡುವೆ ಪ್ಲಾಟ್‌ಫಾರ್ಮ್ ಭೇದ ಮಾಡುವುದಾದರೆ ಅದನ್ನು ಷರತ್ತುಗಳಲ್ಲಿ ವಿವರಿಸಬೇಕು. ಇನ್ನೊಂದು, ವಿದೇಶಿ ಹೂಡಿಕೆಯ ಕುರಿತು ಕೇಂದ್ರ ಸರ್ಕಾರ ಹೊರಡಿಸಿದ 2018ರ ಪ್ರೆಸ್ ನೋಟ್ 2. ಗೋದಾಮು, ಸಾಗಣೆಯಂಥ ಸೇವೆಗಳನ್ನು ಎಲ್ಲ ಮಾರಾಟಗಾರರಿಗೂ ನ್ಯಾಯವಾಗಿ, ತಾರತಮ್ಯವಿಲ್ಲದೆ ಕೊಡಬೇಕು ಎನ್ನುತ್ತದೆ ಅದು, 2019ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿದಾಗ ಕಂಪನಿಗಳು ಬಂದದ್ದು ಕರ್ನಾಟಕ ಹೈಕೋರ್ಟಿಗೆ. 2021ರಲ್ಲಿ ಹೈಕೋರ್ಟ್ ತನಿಖೆ ನಡೆಯಲಿ ಎಂದಿತು. ಆ ಪ್ರಕರಣದ ಕೇಂದ್ರ ಡೆಲಿವರಿಯಲ್ಲ, ಆಯ್ದ ಮಾರಾಟಗಾರರಿಗೆ ಆದ್ಯತೆ ಕೊಟ್ಟ ಆರೋಪ. ಆದರೂ ಎಲ್ಲರಿಗೂ ಒಂದೇ ನೆಲ ಇದೆಯೇ ಎಂಬ ಮೂಲ ಪ್ರಶ್ನೆ ಅದೇ.

ಬೇರೆ ದಾರಿಗಳೂ ಇವೆ. 2022ರಲ್ಲಿ ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಪ್ರಾಯೋಗಿಕವಾಗಿ ಶುರುವಾದ, ಸರ್ಕಾರದ ಬೆಂಬಲವಿರುವ ಒಎನ್‌ಡಿಸಿ ಎಂಬ ಮುಕ್ತ ವ್ಯಾಪಾರ ಜಾಲದಲ್ಲಿ ಕೊಳ್ಳುವ ಆಪ್, ಮಾರುವ ಆಪ್, ಸಾಗಿಸುವವರು ಮೂವರೂ ಬೇರೆಬೇರೆ ಇರಬಹುದು. ಡೆಲಿವರಿಯನ್ನು ಮಾರಾಟದ ಜಾಗದಿಂದ ಬಿಡಿಸಿ ಇಟ್ಟಿರುವ ಆ ರಚನೆಯೇ ನನಗೆ ಸರಿ ಎನಿಸುತ್ತದೆ, ಆದರೆ ಕೊಳ್ಳುವವರ ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ. ಇನ್ನು ನಮ್ಮ ಅಂಚೆ ಇಲಾಖೆ. 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳು, ಬಹುಪಾಲು ಹಳ್ಳಿಗಳಲ್ಲಿ. ವಾಟ್ಸಾಪಿನಲ್ಲಿ ಬಂದ ಆರ್ಡರ್‌ಗಳನ್ನು ಅತ್ತಿಗೆ ಸ್ಪೀಡ್ ಪೋಸ್ಟಿನಲ್ಲೇ ಕಳಿಸುತ್ತಾರೆ. ಹಣ ಮೊದಲೇ ಬಂದಿರುತ್ತದೆ, ಕೊಂಡವರ ನಂಬರ್ ಕೈಯಲ್ಲಿರುತ್ತದೆ, ರಸೀದಿಯಲ್ಲಿ ತೂಕ ಅವರ ಕಣ್ಣೆದುರೇ ಅಚ್ಚಾಗುತ್ತದೆ. ವಾರಕ್ಕೆ ನಾಲ್ಕೈದು ಆರ್ಡರ್ ಅಷ್ಟೇ. ಉಳಿದದ್ದೆಲ್ಲ ಆಪ್‌ನಿಂದಲೇ ಬರಬೇಕು.

ಈಗ ಆಪ್‌ನ ಆರ್ಡರ್‌ಗಳಿಗೆ 24, 18, 11ರ ಗಟ್ಟಿ ಡಬ್ಬಿಯನ್ನು ಒಟ್ಟಿಗೆ ಐವತ್ತು ತರಿಸಿದ್ದಾರೆ. ಬಬಲ್ ರ‍್ಯಾಪ್ ಬದಿಗಳನ್ನು ಉಬ್ಬಿಸುತ್ತದೆ ಎಂದು ಬಿಟ್ಟು, ಸೀಳಿದ ರಟ್ಟಿನ ಪಟ್ಟಿಗಳನ್ನು ಆಟಿಕೆಯ ಸುತ್ತ ಜೋಡಿಸುತ್ತಾರೆ. ಅಳತೆ ಟೇಪು ಮೇಜಿಗೇ ಅಂಟಿಕೊಂಡಿದೆ, ಪಕ್ಕದಲ್ಲಿ ತಕ್ಕಡಿ. ಡಬ್ಬಿ ಇಟ್ಟ ಒಂದೇ ಫೋಟೋದಲ್ಲಿ ಲೇಬಲ್, ಅಳತೆ, ತೂಕ ಮೂರೂ ಬೀಳುತ್ತವೆ. ಕಳೆದ ತಿಂಗಳ ಹಾಳೆಯಲ್ಲಿ ಎರಡು ಡಬ್ಬಿಗೆ ಒಂದೂವರೆ ಕೆಜಿ ಹಾಕಿದ್ದರು. ಎರಡಕ್ಕೂ ಅದೇ ದಿನ ಟಿಕೆಟ್ ಹಾಕಿದೆವು. ಒಂದರ ಹಣ ವಾಪಸ್ ಬಂದಿದೆ, ಇನ್ನೊಂದರ ಮುಂದೆ 'ಪರಿಶೀಲನೆಯಲ್ಲಿದೆ' ಎಂದಿದೆ.